ಗಾಲಿಯ ಮುಂದಿನ ನಿಂಬೆಹಣ್ಣು

ಆಯುಧಪೂಜೆಯ ದಿನ ಸೈಕಲ್ ರೇಸಿನ ತಂಡದ ವ್ಯಾನು ಬಾಗಿಲಿಗೆ ಬಂದು ನಿಂತಾಗ ಶಾಂತಾದೇವಿ ಅಳಿಯನ ಸೈಕಲ್ಲಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕುತ್ತಿದ್ದಳು. ಮಾಸ್ಕ್ ಹಾಕಿದ್ದ ಡ್ರೈವರ್ ದೂರದಲ್ಲೇ ನಿಂತು, ಸೈಕಲ್ ವಾಪಸು ಒಯ್ಯಲು ಬಂದಿದ್ದೇನೆ ಅಂದ.

"ಸೈಕಲ್ ತಂಡದ್ದವ್ವಾ, ಇವರದಲ್ಲ," ಅಂದಳು ಮಗಳು ದೀಕ್ಷಾ.

ಶಾಂತಾದೇವಿಗೆ ಮೈ ಉರಿಯಿತು. ಮಾರ್ಚ್‌ನಲ್ಲಿ ಧಾರವಾಡದಿಂದ ಮಗಳಿರುವ ಕಾಪೆಲ್ಲೆ ಊರಿಗೆ ಬಂದು, ಕೊರೊನಾದಿಂದಾಗಿ ಇಲ್ಲೇ ಉಳಿದವಳು ಈ ವರ್ಷದ್ದನ್ನೆಲ್ಲ ಕಣ್ಣಾರೆ ಕಂಡಿದ್ದಳು. ಅಳಿಯ ಬ್ರೂನೊ ಫ್ರಾನ್ಸಿನವನು. ರೇಸಿನ ಕೊನೆಯ ಇನ್ನೂರು ಮೀಟರಿನಲ್ಲಿ ಜೀವದ ಹಂಗು ಬಿಟ್ಟು ತುಳಿದು ಗೆಲ್ಲುವುದೇ ಅವನ ಕಸುಬು. ಹದಿನಾಲ್ಕು ವರ್ಷ ತಂಡಕ್ಕೆ ಗೆದ್ದುಕೊಟ್ಟ, ಭುಜದ ಎಲುಬು ಮುರಿದುಕೊಂಡ. ಈ ತಿಂಗಳು ಅವನ ಊರಿನಲ್ಲೇ ನಿವೃತ್ತಿಗೆ ಮುಂಚಿನ ಕೊನೆಯ ರೇಸಿತ್ತು. ಸೋತರೂ ಸರಿ, ರೇಸು ಮುಗಿಯುವ ಗೆರೆ ದಾಟಿಯೇ ಸೈಕಲ್ ಇಳಿಯಬೇಕು ಅಂದುಕೊಂಡಿದ್ದ. ರೇಸು ರದ್ದಾಯಿತು. ತಂಡದವರು ವಿಡಿಯೊ ಕಾಲಿನಲ್ಲಿ ಚಪ್ಪಾಳೆ ತಟ್ಟಿ ಕೈತೊಳೆದುಕೊಂಡರು. ಚಪ್ಪಾಳೆಗೇನು, ಸೋಫಾದಲ್ಲಿ ಕೂತೇ ತಟ್ಟಬಹುದು. ಅಂದಿನಿಂದ ಬ್ರೂನೊ ಸೈಕಲ್ ಮುಟ್ಟಿರಲಿಲ್ಲ.

ಶಾಂತಾದೇವಿ ಬಾಗಿಲಿಗೆ ಅಡ್ಡ ನಿಂತಳು. "ಖಂಡಿ ಪೂಜಿ ಆದ ಗಾಡಿ ಇವತ್ತ ಹೊಸ್ತಿಲಾ ದಾಟೂದಿಲ್ಲ. ನಾಳೆ ಬಾ ಅನ್ನು ಅವಗ."

ನಾಳೆ ಆಗುವುದಿಲ್ಲ ಅಂದ ಡ್ರೈವರ್. ಆ ಕೆಂಪು ಬಣ್ಣ, ಹೂವು ಎಲ್ಲ ಒರೆಸಿ ಕೊಡಿ ಎಂದೂ ಸೇರಿಸಿದ.

ಮೆಟ್ಟಿಲ ಮೇಲೆ ನಿಂತಿದ್ದ ಬ್ರೂನೊಗೆ ಅದು ಕೇಳಿಸಿತು. ಇಷ್ಟು ತಿಂಗಳು ತಗ್ಗಿದ ದನಿಯಲ್ಲೇ ಮಾತಾಡಿದವನು ಫ್ರೆಂಚಿನಲ್ಲಿ ಏನೋ ಕಿರುಚಿದ. ದೀಕ್ಷಾ ಅದನ್ನು ಕನ್ನಡಕ್ಕೆ ತರಲಿಲ್ಲ. ಅವನು ರೇಸಿನ ಬೂಟು ಹಾಕಿಕೊಂಡು ಸೈಕಲ್ಲನ್ನು ಹೊಸ್ತಿಲಾಚೆಗೆ ಎಳೆದುಕೊಂಡ.

"ಒಂದ ಸಲ ಹೊಡದು ಬಂದು ಕೊಡ್ತಾರಂತ," ಅಂದಳು ದೀಕ್ಷಾ.

ಪೂಜೆಯಾದ ದಿನ ಹತ್ತುವಂತಿಲ್ಲ. ಶಾಂತಾದೇವಿ ಬಾಯಿ ತೆರೆದವಳು ಅಳಿಯನ ಮುಖ ನೋಡಿದಳು. ಅವನ ಕಣ್ಣು ಆಗಲೇ ರಸ್ತೆಯ ಮೇಲಿತ್ತು. ಅವಳು ದಡದಡ ಒಳಗೆ ಹೋದಳು; ಅವ್ವ ಸಿಟ್ಟಾದಳು ಅಂದುಕೊಂಡಳು ದೀಕ್ಷಾ. ಅಡುಗೆಮನೆಯಿಂದ ಬಂದವಳ ಕೈಯಲ್ಲಿ ನಿಂಬೆಹಣ್ಣಿತ್ತು. ಹೊಸ್ತಿಲಾಚೆ ಬಗ್ಗಿ ಅದನ್ನು ಮುಂದಿನ ಗಾಲಿಯ ಬುಡಕ್ಕಿಟ್ಟಳು.

"ಇದರ ಮ್ಯಾಲೆ ಹಾಯಿಸ್ರಿ. ಜೋರ್ ಹೊಡೀರಿ," ಅಂದಳು ಕನ್ನಡದಲ್ಲೇ.

ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಡ್ರೈವರ್ ಕೂಗುತ್ತ ವ್ಯಾನಿನ ಕಡೆ ಓಡಿದ. ಬ್ರೂನೊ ಸೀಟಿನಿಂದೆದ್ದು, ತಲೆ ತಗ್ಗಿಸಿ ಮನೆಯೆದುರಿನ ಹೊಳೆಯ ಏರಿಯ ಮೇಲೆ ತುಳಿಯುತ್ತಿದ್ದ. ಹಾರದ ಹೂವುಗಳು ಉದುರಿ ಹಿಂದೆ ಬೀಳುತ್ತಿದ್ದವು. ಏರಿ ಮುಗಿಯುವಲ್ಲಿ ಅವನ ಎರಡೂ ಕೈ ಮೇಲೆದ್ದವು.

"ಕೈ ಬಿಟ್ಟಾರಲ್ಲ, ಬೀಳ್ತಾರ," ಅಂದಳು ಶಾಂತಾದೇವಿ.

"ಗೆರಿ ದಾಟಿದ್ರವ್ವಾ," ಅಂದಳು ದೀಕ್ಷಾ. ದೂರದಲ್ಲಿ ಕೈಗಳು ಇನ್ನೂ ಮೇಲೆಯೇ ಇದ್ದವು.