ಬಣ್ಣದಣ್ಣ ಮುಚ್ಚಿಟ್ಟ ಗೀರು

ಬಾಡಿಗೆ ಮನೆ ಬಿಡುವ ದಿನ ಮಾಲೀಕರು ಗೋಡೆಯ ಮೊಳೆ ಎಣಿಸುವುದನ್ನು ನೀವೂ ನೋಡಿರುತ್ತೀರಿ. ಬಂದ ದಿನ "ನಿಮ್ಮ ಮನೆ ಅಂತಲೇ ಅಂದ್ಕೊಳ್ಳಿ" ಅಂದವರೇ, ಹೋಗೋ ದಿನ ಚಿಲಕ ಅಲ್ಲಾಡಿಸಿ ನೋಡುತ್ತಾರೆ. ಲೀಸಿಗೆ, ಅಂದರೆ ತಿಂಗಳ ಬಾಡಿಗೆ ಕಟ್ಟಿ ವರ್ಷಗಟ್ಟಲೆ ಓಡಿಸೋಕೆ ತಗೊಂಡ ಕಾರಿನ ಕಥೆಯೂ ಅಷ್ಟೇ. ಮೂರು ವರ್ಷ ನಮ್ಮ ಮನೆ ಮುಂದೆ ನಿಲ್ಲುತ್ತೆ. ನಾವೇ ತೊಳೀತೀವಿ, ನಾವೇ ಪೆಟ್ರೋಲ್ ಹಾಕಿಸ್ತೀವಿ. ಹೋಗ್ತಾ ಹೋಗ್ತಾ ಅದು ನಮ್ಮದೇ ಅನ್ನಿಸಿಬಿಡುತ್ತೆ. ಎಡವಟ್ಟಾಗೋದು ಅಲ್ಲೇ.

ಬಣ್ಣದಣ್ಣನಿಗೂ ಹಾಗೇ ಆಯಿತು. ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವನ ಕಸುಬು. ಮೂವತ್ತು ವರ್ಷ ಕುಂಚ ಹಿಡಿದ ಕೈ. ಎಲ್ಲಿ ಬಣ್ಣ ಮಾಸಿದ್ದು ಕಂಡರೂ ಅವನ ಬೆರಳು ತುರಿಸುತ್ತೆ. ಮನೆಯ ಗೇಟು, ಮೆಟ್ಟಿಲ ಕಂಬಿ, ನೀರಿನ ಡ್ರಮ್ಮು, ಒಂದನ್ನೂ ಬಿಟ್ಟವನಲ್ಲ. "ಸುಮ್ಮನೆ ಕೂತರೆ ನನಗೂ ಒಂದು ಕೋಟ್ ಹೊಡೆದುಬಿಡ್ತಾರೆ" ಅಂತ ಹೆಂಡತಿ ನಗುತ್ತಿದ್ದಳು.

ಆ ಹೆಂಡತಿ ನರ್ಸು. ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗಳ ಬಾಗಿಲಿಗೇ ಹೋಗಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವಳು. ದಿನಕ್ಕೆ ಎಂಟು ಮನೆ. ಬೀದಿಯವರಿಗೆಲ್ಲ ಅವಳು ನರ್ಸಮ್ಮ. ಮುತ್ತಿನ ಬಿಳುಪಿನ ಪುಟ್ಟ ಕಾರನ್ನು ಲೀಸಿಗೆ ತಗೊಂಡಿದ್ದು ಅವಳ ಹೆಸರಿನಲ್ಲಿ. ಎಂಟನೇ ಮನೆ ಗುಡ್ಡದ ಮೇಲೆ. ಅಲ್ಲಿಗೆ ಬಸ್ಸಿಲ್ಲ. ಅಲ್ಲೊಬ್ಬ ಅಜ್ಜಿ, ಕಾಲಿನ ಹುಣ್ಣು ಇನ್ನೂ ಮಾಯುತ್ತಿದೆ. ಒಂದು ದಿನ ಡ್ರೆಸ್ಸಿಂಗ್ ತಪ್ಪಿದರೆ ವಾರದ ಶ್ರಮ ನೀರಿನಲ್ಲಿ ಹೋಮ.

ಒಂದು ದಿನ ಲೀಸ್ ಕಂಪನಿಯ ಪತ್ರ ಬಂತು. ನರ್ಸಮ್ಮ ಊಟದ ಮೇಜಿನ ಹತ್ತಿರ ನಿಂತುಕೊಂಡೇ ಓದಿದಳು.

"ರೀ, ಇನ್ನು ಹತ್ತು ವಾರಕ್ಕೆ ಕಾರು ವಾಪಸ್ ಕೊಡಬೇಕಂತೆ. ಅವರ ಪುಸ್ತಿಕೆಯಲ್ಲಿ ಹೇಳಿದ ಹಾಗೆ ಇದ್ದರೆ ಅವತ್ತೇ ಹೊಸ ಕಾರು ಕೊಡ್ತಾರೆ. ತಕರಾರು ಬಂತೋ, ಅದು ತೀರೋವರೆಗೂ ಕೊಡಲ್ಲ."

"ಹತ್ತು ವಾರ ತಾನೇ? ಹಿಂದಿನ ದಿನ ತೊಳೆದು ಕೊಟ್ಟರಾಯ್ತು ಬಿಡು."

"ತಕರಾರು ಬಂದರೆ ಗುಡ್ಡದ ಅಜ್ಜಿ ಹತ್ರ ನಾನು ಹೇಗೆ ಹೋಗ್ಲಿ?"

"ಏನೂ ತಕರಾರು ಬರಲ್ಲ ಕಣೇ! ನಾನಿಲ್ವಾ?" ಅಂದ ಬಣ್ಣದಣ್ಣ. ಹಾಗಂದವನೇ ಎದ್ದು, ಕಿಟಕಿಯಿಂದ ಕಾರಿನ ಹಿಂದಿನ ಬಾಗಿಲನ್ನು ಇಣುಕಿ ನೋಡಿದ.

ಯಾಕೆ ಅಂತೀರಾ? ಎಂಟು ತಿಂಗಳ ಹಿಂದೆ, ಹೆಂಡತಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಒಂದು ಭಾನುವಾರ, ಅವನು ಅವಳಿಗೆ ಹೇಳದೆ ಕಾರು ತಗೊಂಡು ಹೋಗಿದ್ದ. ಔಷಧಿ ಅಂಗಡಿಗೊಂದು ಬೋರ್ಡ್ ಕಟ್ಟುವ ಕೆಲಸ. ಅರ್ಧ ಗಂಟೆ ತಾನೇ ಅಂತ ಕಬ್ಬಿಣದ ಏಣಿಯನ್ನು ಕಾರಿನ ತಲೆ ಮೇಲೆ ಹೇರಿದ. ಇಳಿಸುವಾಗ ಏಣಿಯ ಕಾಲು ಹಿಂದಿನ ಬಾಗಿಲನ್ನು ಒಂದು ಗೇಣುದ್ದ ಗೀರಿಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವನು ಬಣ್ಣದಣ್ಣ ಅಲ್ಲವೇ? ಡಬ್ಬಿ ತೆಗೆದ, ಬಿಳಿಗೆ ಒಂದು ಹನಿ ಹಳದಿ, ಅರ್ಧ ಹನಿ ಬೂದು ಕಲಸಿದ, ಸಣ್ಣ ಕುಂಚದಲ್ಲಿ ನೇವರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಭೇಷ್ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ. ಹೆಂಡತಿ ಎದ್ದಾಗ ಕಾರು ಎಲ್ಲಿತ್ತೋ ಅಲ್ಲೇ ಇತ್ತು. ಅವನು ತುಟಿ ಬಿಚ್ಚಲಿಲ್ಲ.

ಮಾರನೇ ದಿನ ಬೆಳಿಗ್ಗೆ ನರ್ಸಮ್ಮ ಕೆಳಗಿನ ಮನೆಯ ಟಾರ್ಚಕ್ಕನನ್ನು ಕರೆದಳು. ಟಾರ್ಚಕ್ಕ ಅಂದರೆ ಸುಮ್ಮನೆ ಅಲ್ಲ. ಹನ್ನೊಂದು ವರ್ಷ ಬೇರೊಂದು ಲೀಸ್ ಕಂಪನಿಯ ಯಾರ್ಡಿನಲ್ಲಿ ವಾಪಸ್ ಬಂದ ಕಾರುಗಳ ತಪಾಸಣೆ ಮಾಡಿ ನಿವೃತ್ತಿಯಾದವಳು. ಕೆಲಸ ಬಿಟ್ಟರೂ ಟಾರ್ಚ್ ಬಿಟ್ಟಿಲ್ಲ. ತರಕಾರಿ ಕೊಳ್ಳುವಾಗಲೂ ಬದನೆಕಾಯಿಗೆ ಬೆಳಕು ಬಿಟ್ಟು ನೋಡುತ್ತಾಳೆ.

"ಅಕ್ಕ, ನಿಮಗ್ಯಾಕೆ ಸುಮ್ಮನೆ ತೊಂದರೆ?" ಅಂದ ಬಣ್ಣದಣ್ಣ, ಮೆಟ್ಟಿಲಿಗೆ ಅಡ್ಡ ನಿಂತು.

"ತೊಂದರೆ ಏನು ಬಂತಪ್ಪಾ? ಹಿಂದಿನ ದಿನ ನೋಡೋದಕ್ಕಿಂತ ಹತ್ತು ವಾರ ಮುಂಚೆ ನೋಡೋದು ಒಳ್ಳೇದು. ಏನಾದ್ರೂ ಇದ್ರೆ ರಿಪೇರಿಗೆ ಟೈಮ್ ಸಿಗುತ್ತೆ. ಮೊದಲು ಕಾರು ತೊಳಿ. ಕೊಳೆ ಇದ್ರೆ ಗೀರೂ ಕಾಣಲ್ಲ, ಕಂಪನಿಯವರು ಫೋಟೋನೂ ತೆಗೆಯಲ್ಲ, ಇನ್ನೊಂದು ದಿನ ಬಾ ಅಂತಾರೆ."

ಕಾರು ತೊಳೆದು ಒರೆಸಿದ್ದಾಯಿತು. ಟಾರ್ಚಕ್ಕ ಪುಸ್ತಿಕೆ ಕೈಯಲ್ಲಿ ಹಿಡಿದು ಒಂದು ಸುತ್ತು ಬಂದಳು. ಮುಂದಿನ ಬಂಪರಿನಲ್ಲಿದ್ದ ಒಂದು ಸಣ್ಣ ಗೀರಿನ ಮೇಲೆ ಉಗುರು ಎಳೆದಳು.

"ನೋಡಮ್ಮ, ಉಗುರು ಸಿಕ್ಕಿಹಾಕಿಕೊಳ್ಳಲಿಲ್ಲ. ಇಂಥದ್ದು ಪಾಲಿಶ್ ಉಜ್ಜಿದರೆ ಹೋಗುತ್ತೆ. ಮೂರು ವರ್ಷ ಓಡಿದ ಕಾರು, ಕೂದಲೆಳೆಯಷ್ಟು ಗೀರು ಬೀಳದೆ ಇರುತ್ತಾ? ಇದನ್ನ ಸಹಜ ಸವೆತ ಅಂತಾರೆ. ಅದಕ್ಕೆ ನಿಮ್ಮನ್ನ ಯಾರೂ ಏನೂ ಕೇಳಲ್ಲ. ಬಣ್ಣ ಕಿತ್ತುಹೋಗಿದ್ರೆ, ತಗಡು ತಗ್ಗಾಗಿದ್ರೆ, ಸೀಟು ಸುಟ್ಟಿದ್ರೆ, ಡ್ರೈವರ್ ಕಣ್ಣೆದುರಿನ ಗಾಜು ಸಿಡಿದಿದ್ರೆ, ಅದು ಹಾನಿ. ಎಷ್ಟುದ್ದದವರೆಗೆ ಸವೆತ, ಎಲ್ಲಿಂದ ಹಾನಿ ಅಂತ ಒಂದೊಂದು ಕಂಪನಿ ಒಂದೊಂದು ಅಳತೆ ಇಟ್ಟಿರುತ್ತೆ. ಅದಕ್ಕೇ ಮೊದಲು ಪುಸ್ತಿಕೆ ಓದಿ ಅನ್ನೋದು."

ಬಣ್ಣದಣ್ಣ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವಳು ಹತ್ತಿರ ಬಂದಷ್ಟೂ ಬಾಗಿಲಿಗೆ ಇನ್ನಷ್ಟು ಅಂಟಿಕೊಂಡ.

"ಸ್ವಲ್ಪ ಸರಿಯಪ್ಪ."

"ಇಲ್ಲೇನೂ ಇಲ್ಲ ಅಕ್ಕ."

"ಏನೂ ಇಲ್ಲ ಅಂದ್ರೆ ಸರಿಯೋಕೇನು ಕಷ್ಟ?"

ಸರಿದ. ಟಾರ್ಚಕ್ಕ ಟಾರ್ಚನ್ನು ಬಾಗಿಲಿಗೆ ಒರಗಿಸಿದ ಹಾಗೆ ಹಿಡಿದು, ಬೆಳಕನ್ನು ಪಕ್ಕದಿಂದ ಹಾಯಿಸಿದಳು. ನುಣ್ಣನೆಯ ಬಿಳುಪಿನ ನಡುವೆ ಒಂದು ಗೇಣು ಬಣ್ಣ ಉಬ್ಬಿಕೊಂಡು, ಹಲ್ಲಿನ ಕಲೆಯಂತೆ ಹಳದಿಯಾಗಿ ಕಂಡಿತು.

"ಇದನ್ನ ಯಾರೋ ಕೈಯಲ್ಲಿ ಬಳಿದಿದ್ದಾರೆ" ಅಂದಳು ಟಾರ್ಚಕ್ಕ.

"ಯಾರೋ ಅಂದ್ರೆ?" ನರ್ಸಮ್ಮ ಗಂಡನ ಮುಖ ನೋಡಿದಳು. ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ.

ಬಣ್ಣದಣ್ಣ ಏಣಿ, ಔಷಧಿ ಅಂಗಡಿ, ಭಾನುವಾರ, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ರೋಷವೂ ಬಂತು. "ಆದ್ರೂ ಅಕ್ಕ, ಮೂವತ್ತು ವರ್ಷ ಬಣ್ಣ ಕಲಸಿದ ಕೈ ಇದು! ಗೀರು ಬಿದ್ದಿದ್ದನ್ನ ಸರಿ ಮಾಡಿದ್ದು ತಪ್ಪಾ? ಇನ್ನೊಂದು ಕೋಟ್ ಕೊಟ್ರೆ ಆ ತಪಾಸಣೆಯವನ ಅಪ್ಪನಿಗೂ ಗೊತ್ತಾಗಲ್ಲ."

ಟಾರ್ಚಕ್ಕ ಬೈಯಲಿಲ್ಲ. "ಅಲ್ಲಪ್ಪಾ, ನೀನು ಬರೆದ ಬೋರ್ಡಿನ ಮೇಲೆ ಬೇರೆಯವನು ಒಂದಕ್ಷರ ತಿದ್ದಿದ ಅಂತಿಟ್ಕೋ. ನಿನಗೆ ಗೊತ್ತಾಗಲ್ವಾ?"

"ಗೊತ್ತಾಗದೆ ಏನು? ರಸ್ತೆ ಆಚೆಯಿಂದಲೇ ಹೇಳ್ತೀನಿ."

"ಹೇಗೆ?"

"ಬಣ್ಣದ ಹೊಳಪೇ ಬೇರೆ ಇರುತ್ತೆ. ಹೊಸದು ಹಳೇದರ ಜೊತೆ ಕೂರಲ್ಲ. ಮೇಲಾಗಿ ಬಿಸಿಲು ಬಿದ್ದು ಬಿದ್ದು..." ಅಷ್ಟಂದು ಬಣ್ಣದಣ್ಣ ನಿಂತುಬಿಟ್ಟ. ಬಾಗಿಲು ನೋಡಿದ. ತಾನು ಬಳಿದ ಬೋರ್ಡ್ ಬಣ್ಣ ಎಂಟು ತಿಂಗಳ ಬಿಸಿಲಿಗೆ ಹಳದಿ ತಿರುಗಿದ್ದು ಅವನ ಕಣ್ಣಿಗೇ ಹೊಡೆಯಿತು. ಬೇರೆಯವರ ಕೆಲಸ ಆಗಿದ್ದರೆ ಯಾವನೋ ಕೈಲಾಗದವನು ಬಳಿದದ್ದು ಅಂದುಬಿಡುತ್ತಿದ್ದ.

"ಬರೀ ಗೀರಿದ್ರೆ ಗೀರಿನ ಲೆಕ್ಕ. ಮೇಲೆ ಬಣ್ಣ ಬಳಿದರೆ ಇಡೀ ಬಾಗಿಲಿನ ಲೆಕ್ಕ. ಇದನ್ನ ಕೆರೆದು, ಬಾಗಿಲು ಪೂರ್ತಿ ಹೊಸದಾಗಿ ಬಣ್ಣ ಮಾಡಬೇಕು. ಅವತ್ತೇ ಒಬ್ಬ ಒಳ್ಳೆ ಮೆಕ್ಯಾನಿಕ್‌ಗೆ ತೋರಿಸಿದ್ರೆ ಪಾಲಿಶಿನಲ್ಲೇ ಮುಗೀತಿತ್ತೇನೋ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತಾರಲ್ಲ, ಹಾಗಾಯ್ತು."

ನರ್ಸಮ್ಮ ಆ ಹಳದಿ ಕಲೆಯನ್ನು ಬೆರಳಲ್ಲಿ ಸವರಿದಳು. ಆಮೇಲೆ ಮೆಲ್ಲಗೆ ಅಂದಳು: "ಎಂಟು ತಿಂಗಳು ದಿನಾ ಆ ಬಾಗಿಲು ತೆಗೆದು ಬ್ಯಾಗ್ ಇಟ್ಟಿದ್ದೀನಿ ರೀ. ನನಗೆ ಬೇಜಾರು ಗೀರಿಗಲ್ಲ. ರೋಗಿಗಳು ಗಾಯ ಮುಚ್ಚಿಟ್ಟರೆ ನಾನು ಎಷ್ಟು ಬೈತೀನಿ ಅಂತ ನಿಮಗೇ ಗೊತ್ತಲ್ಲ."

ಬಣ್ಣದಣ್ಣನಿಗೆ ನಾಚಿಕೆಯಾಯಿತು. ಅವಳು ರೇಗಿದ್ದರೂ ಅಷ್ಟು ಆಗುತ್ತಿರಲಿಲ್ಲ. "ತಪ್ಪಾಯ್ತು ಕಣೇ" ಅಂದ. ಮದುವೆಯಾದ ಮೇಲೆ ಆ ಮಾತನ್ನು ಅವನು ಎಷ್ಟು ಸಲ ಅಂದಿದ್ದ ಅಂತ ಎಣಿಸೋಕೆ ಒಂದು ಕೈ ಬೆರಳು ಸಾಕು.

ಅಲ್ಲಿಗೇ ಮುಗಿಯಲಿಲ್ಲ. "ಎರಡನೇ ಕೀಲಿ ಎಲ್ಲಿ?" ಅಂದಳು ಟಾರ್ಚಕ್ಕ. ಬಣ್ಣದಣ್ಣ ತನ್ನ ಕೆಲಸದ ಪೆಟ್ಟಿಗೆ ತೆಗೆದು, ಕುಂಚಗಳ ನಡುವಿನಿಂದ ಒಂದು ವಸ್ತು ಎತ್ತಿ ಕೊಟ್ಟ. ನೀಲಿ, ಕೆಂಪು, ಹಸಿರು, ಎಲ್ಲ ಬಣ್ಣವೂ ಅದಕ್ಕೆ ಮೆತ್ತಿತ್ತು. ಮೂರು ವರ್ಷದಿಂದ ಅವನು ಅದರಲ್ಲೇ ಡಬ್ಬಿಯ ಮುಚ್ಚಳ ಮೀಟಿ ತೆಗೆಯುತ್ತಿದ್ದ.

"ಅಯ್ಯೋ ನಿಮ್ಮ!" ಅಂತ ನರ್ಸಮ್ಮ ಹಣೆ ಚಚ್ಚಿಕೊಂಡಳು, ಆದರೆ ನಗು ತಡೆಯಲಾಗಲಿಲ್ಲ.

"ಥಿನ್ನರಿನಲ್ಲಿ ಅದ್ದಿದರೆ ಎರಡು ನಿಮಿಷ" ಅಂತ ಅವನು ಎದ್ದ.

"ಕೂತ್ಕೋ!" ಅಂದಳು ಟಾರ್ಚಕ್ಕ. "ಥಿನ್ನರ್ ಹಾಕಿದರೆ ಗುಂಡಿಯ ಪ್ಲಾಸ್ಟಿಕ್ ಕರಗಿ ಹೋಗುತ್ತೆ. ಉಗುರಲ್ಲಿ ಕೆರಿ. ಎರಡು ಕೀಲಿ, ಸರ್ವಿಸ್ ಪುಸ್ತಕ, ಸ್ಟೆಪ್ನಿ, ಜಾಕ್, ಕೊಟ್ಟಿದ್ದೆಲ್ಲ ವಾಪಸ್ ಹೋಗಬೇಕು. ಕಾರಿನಲ್ಲಿ ನಿಮ್ಮ ಫೋನ್ ನಂಬರುಗಳಿದ್ರೆ ಅಳಿಸಿಬಿಡಿ. ಟೈರು ಸವೆದಿದ್ರೆ ಈಗಲೇ ನೋಡ್ಕೊಳ್ಳಿ. ಎಷ್ಟು ಕಿಲೋಮೀಟರ್ ಅಂತ ಒಪ್ಪಂದ ಆಗಿದೆ, ಅದನ್ನೂ ನೋಡಿ."

ಆ ಹತ್ತು ವಾರದಲ್ಲಿ ಬಣ್ಣದಣ್ಣ ಉಗುರಲ್ಲಿ ಕೀಲಿ ಕೆರೆದ. ಕಂಪನಿಗೆ ಫೋನ್ ಮಾಡಿ, ಅವರು ಒಪ್ಪುವ ವರ್ಕ್‌ಶಾಪ್ ಯಾವುದು ಅಂತ ಕೇಳಿ, ಅಲ್ಲೇ ಬಾಗಿಲು ಸರಿ ಮಾಡಿಸಿದ. ಒಂದು ಶಾಲೆಯ ಬೋರ್ಡ್ ಕೆಲಸದ ದುಡ್ಡು ಅದಕ್ಕೇ ಹೋಯಿತು. ರಸೀದಿಯನ್ನು ಮಾತ್ರ ನರ್ಸಮ್ಮ ಜೋಪಾನವಾಗಿ ತೆಗೆದಿಟ್ಟಳು. ವರ್ಕ್‌ಶಾಪಿನವನು ಬಣ್ಣ ಹೊಡೆಯುವಾಗ ಬಣ್ಣದಣ್ಣ ಗಾಜಿನ ಆಚೆ ನಿಂತು, ಕೈ ಕಟ್ಟಿಕೊಂಡು ನೋಡಿದ. ಅವನ ಮಟ್ಟಿಗೆ ದೊಡ್ಡ ಶಿಕ್ಷೆ ಅದೇ.

ವಾಪಸ್ ಕೊಡುವ ದಿನ ಇಬ್ಬರೂ ಕಾರನ್ನು ಕಂಪನಿಯ ಯಾರ್ಡಿಗೆ ತಂದು ನಿಲ್ಲಿಸಿದರು. ಮಧ್ಯಾಹ್ನ ಹನ್ನೆರಡಕ್ಕೆ, ಒಳ್ಳೆ ಬೆಳಕಿನಲ್ಲಿ, ಯಾರ್ಡಿನ ತಪಾಸಣೆಯವರು ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ಬಂದರು. ಹಿಂದಿನ ಬಾಗಿಲ ಹತ್ತಿರ ಅವರು ಬಗ್ಗಿದರು. ಬಣ್ಣದಣ್ಣ ತಾನೇ ಮುಂದೆ ಹೋಗಿ ಅಂದ: "ಸರ್, ಇಲ್ಲಿ ಗೀರು ಬಿದ್ದಿತ್ತು. ನಾನೇ ಬೀಳಿಸಿದ್ದು. ನೀವು ಹೇಳಿದ ಕಡೆಯೇ ಸರಿ ಮಾಡಿಸಿದ್ದೀವಿ. ರಸೀದಿ ಇಲ್ಲಿದೆ."

ಅವರು ರಸೀದಿ ನೋಡಿದರು, ಬಾಗಿಲು ನೋಡಿದರು, "ಚೆನ್ನಾಗಿ ಮಾಡಿದ್ದಾರೆ" ಅಂತ ಗುರುತು ಹಾಕಿ ಮುಂದೆ ಹೋದರು. ಮುಂದಿನ ಎಡ ಚಕ್ರದ ಹತ್ತಿರ ಮಾತ್ರ ನಿಂತರು. "ರಿಮ್ಮು ಉಜ್ಜಿಹೋಗಿದೆಯಲ್ಲ."

"ಇದು ಕಾರು ಬಂದಾಗಲೇ ಇತ್ತು ಸರ್, ಅದಕ್ಕೇ ಹಾಗೇ ಬಿಟ್ಟಿದ್ದೀವಿ!" ಅಂದಳು ನರ್ಸಮ್ಮ. "ಕಾರು ತಗೊಂಡ ದಿನದ ಫೋಟೋ ಇದೆ, ತೋರಿಸ್ತೀನಿ." ಫೋನ್ ತೆಗೆದಳು. ಫೋಟೋ ಇತ್ತು. ಆದರೆ ಎಡ ಚಕ್ರ ಇರಬೇಕಾದ ಜಾಗದಲ್ಲಿ ಬಣ್ಣದಣ್ಣ ಹಲ್ಲು ಕಿರಿಯುತ್ತಾ ಕಾಲು ಚಾಚಿ ಕೂತಿದ್ದ. ಮುಂದಿನ ಫೋಟೋದಲ್ಲೂ ಅವನೇ. ಅದರ ಮುಂದಿನದರಲ್ಲೂ ಅವನ ಹೊಟ್ಟೆಯೇ ಅಡ್ಡ.

"ನಾನು ಏನ್ ಮಾಡ್ಲಿ ಅಮ್ಮಾ, ಚಕ್ರ ಕಾಣ್ತಿಲ್ಲವಲ್ಲ" ಅಂದರು ಅವರು ಬೇಸರದಿಂದಲೇ. ರಿಮ್ಮಿನ ಖರ್ಚು ಇವರ ಮೇಲೇ ಬಿತ್ತು. ನರ್ಸಮ್ಮ ವರದಿಯನ್ನು ಪೂರ್ತಿ ಓದಿ, ರಿಮ್ಮು ಬಿಟ್ಟು ಬೇರೇನೂ ಬರೆದಿಲ್ಲ ಅಂತ ಖಚಿತ ಮಾಡಿಕೊಂಡು ಸಹಿ ಹಾಕಿ, ಒಂದು ಪ್ರತಿ ಇಸಿದುಕೊಂಡಳು. ರಿಮ್ಮಿನ ಖರ್ಚು ಒಪ್ಪಿಕೊಂಡಿದ್ದರಿಂದ ತಕರಾರೇನೂ ಏಳಲಿಲ್ಲ. ಅವತ್ತೇ ಹೊಸ ಬಿಳಿ ಕಾರಿನ ಕೀಲಿ ಕೈಗೆ ಬಂತು.

"ರೀ, ಬನ್ನಿ, ನಿಂತ್ಕೊಳ್ಳಿ, ಫೋಟೋ" ಅಂದಳು.

"ನಾನು ಆಚೆ ನಿಲ್ತೀನಿ ತಾಯಿ" ಅಂತ ಬಣ್ಣದಣ್ಣ ಫೋನ್ ಕಸಿದುಕೊಂಡು, ನಾಲ್ಕೂ ಬದಿ, ನಾಲ್ಕೂ ಚಕ್ರ, ಗಾಜು, ಸೀಟು, ಮೀಟರು, ಎಲ್ಲ ತೆಗೆದ. ಸಂಜೆ ಐದಕ್ಕೆ ಗುಡ್ಡದ ಅಜ್ಜಿಯ ಕಾಲಿಗೆ ಹೊಸ ಡ್ರೆಸ್ಸಿಂಗ್ ಬಿತ್ತು.

ವಾರ ಕಳೆಯಿತು. ಒಂದು ಮಧ್ಯಾಹ್ನ ಬಣ್ಣದಣ್ಣ ಮಹಡಿಯ ಮೇಲೆ ಕುಂಚ ಅದ್ದುತ್ತಿದ್ದಾಗ ಕೆಳಗಿನಿಂದ ಹೆಂಡತಿಯ ಸ್ವರ ಕೇಳಿತು.

"ರೀ, ಹೊಸ ಕಾರನ್ನ ಗೇಟಿನ ಕಂಬಕ್ಕೆ ತಾಗಿಸಿಬಿಟ್ಟೆ. ಗೀರು ಬಿತ್ತು."

ಅವನ ಬೆರಳು ತುರಿಸಿತು. ಬಿಳಿಯ ಡಬ್ಬಿ ಪಕ್ಕದಲ್ಲೇ ಇತ್ತು. ಕುಂಚ ಕೆಳಗಿಟ್ಟ. ಟಾರ್ಚ್ ತಗೊಂಡು ಮೆಟ್ಟಿಲಿಳಿದ. "ಹೇಳಿದೆಯಲ್ಲ, ಒಳ್ಳೇದಾಯ್ತು ಬಿಡು. ಎಲ್ಲಿ, ಉಗುರು ಸಿಕ್ಕಿಹಾಕಿಕೊಳ್ಳುತ್ತಾ ನೋಡೋಣ" ಅಂದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆ ಮುಂದೆಯೂ ಲೀಸಿನ ಕಾರು ನಿಂತಿದ್ದರೆ, ಪತ್ರ ಬರಲಿ ಅಂತ ಕಾಯಬೇಡಿ. ಕಂಪನಿಯ ಪುಸ್ತಿಕೆ ಇವತ್ತೇ ಹುಡುಕಿ ಓದಿ. ಬಿಸಿಲಿರುವಾಗ ಕಾರಿಗೆ ಒಂದು ಸುತ್ತು ಬನ್ನಿ. ತಗೊಳ್ಳುವ ದಿನವೂ, ಕೊಡುವ ದಿನವೂ ಫೋಟೋ ತೆಗೆಯಿರಿ, ಕಾರಿಗೆ ಅಡ್ಡ ಮಾತ್ರ ನಿಲ್ಲಬೇಡಿ. ಗೀರು ಎಲ್ಲರ ಕಾರಿಗೂ ಬೀಳುತ್ತೆ. ಬಿದ್ದರೆ ಮೊದಲು ಮನೆಯವರಿಗೆ ಹೇಳಿ, ಆಮೇಲೆ ಕಂಪನಿಯವರಿಗೆ ಹೇಳಿ. ಬಣ್ಣದ ಡಬ್ಬಿ ಮಾತ್ರ ಮುಟ್ಟಬೇಡಿ.