ಮೂರು ತುಂಡಿನ ಕೂಗು

"ಹಕ್ಕಿ ಆ ಗಿಡದಾಗ ಇಲ್ರಿ ಅಯ್ನೋರ. ಈ ಕಡೆ, ಹುಣಸಿ ಗಿಡದಾಗ ಐತಿ," ಎಂದು ರಾಚವ್ವ ಹೇಳುವಷ್ಟರಲ್ಲಿ ಚನ್ನಬಸಯ್ಯನವರು ಅರ್ಧ ಗಂಟೆಯಿಂದ ತಪ್ಪು ಮರಕ್ಕೆ ಕ್ಯಾಮೆರಾ ಹಿಡಿದು ನಿಂತಿದ್ದರು.

ಚೆಂಬೂರಿನ ಆ ಗಾರ್ಡನ್‌ನಲ್ಲಿ ಅವಳು ಗಿಡಗಳಿಗೆ ನೀರು ಬಿಡುವವಳು, ವಿಜಯಪುರದ ಕಡೆಯವಳು. ಇವರು ಧಾರವಾಡದಿಂದ ಬಂದು ಕಾರ್ಖಾನೆಯ ಬಾಯ್ಲರ್ ಪಕ್ಕ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಆ ಬಾಯ್ಲರ್ ಪಿಂಚಣಿಯ ಜೊತೆಗೆ ಕಿವುಡನ್ನೂ ಕೊಟ್ಟು ಕಳಿಸಿತ್ತು. ಮಗಳು ಕೊಡಿಸಿದ ಕಿವಿಯ ಮಷೀನು ರಿಕ್ಷಾ ಹಾರ್ನುಗಳನ್ನೆಲ್ಲ ತಪ್ಪದೆ ತಲುಪಿಸುತ್ತಿತ್ತು, ಹಕ್ಕಿಯ ಸಣ್ಣ ದನಿಯೊಂದನ್ನು ಬಿಟ್ಟು.

ವಾರ್ಬ್ಲರ್‌ಗಳನ್ನು ಗುರುತಿಸಲು ಬೇಕಾದದ್ದು ಆ ದನಿಯೇ. ಚಳಿಗಾಲ ಕಳೆಯಲು ಬರುವ, ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟ ಈ ಹಸಿರು ಹಕ್ಕಿಗಳು ಏಪ್ರಿಲ್‌ನಲ್ಲಿ ಉತ್ತರಕ್ಕೆ ಹೊರಟುಬಿಡುತ್ತವೆ. ಅವುಗಳಲ್ಲಿ ಎರಡು ಜಾತಿ ಫೋಟೋದಲ್ಲಿ ಒಂದೇ ಅಚ್ಚು. ಒಂದರ ಕೂಗಿಗೆ ಎರಡು ತುಂಡು, ಅಪರೂಪದ್ದಕ್ಕೆ ಮೂರು. ಹನ್ನೊಂದು ವರ್ಷ ತಪ್ಪದೆ ಕಂಡ ಹಕ್ಕಿಗಳ ಹೆಸರು ಬರೆದಿಟ್ಟ ಚನ್ನಬಸಯ್ಯನವರು ಈ ಸಲ ಕಿವಿ ಇನ್ನಷ್ಟು ಮಂದವಾಗಿ ಒಂದನ್ನೂ ಬರೆಯಲಾಗದೆ, ಕ್ಯಾಮೆರಾ ಮಾರಿಬಿಡುವ ಮಾತಾಡಿದ್ದರು. ಆಡಿದ ದಿನ ಊಟ ಸೇರಿರಲಿಲ್ಲ.

ಹುಣಸೆ ಮರದ ಕೆಳಗೆ ಸ್ಟ್ಯಾಂಡ್ ಊರಿ, ಅವಳು ತೋರಿಸಿದ ಕೊಂಬೆಗೆ ಲೆನ್ಸ್ ತಿರುಗಿಸಿದರು. "ಎಷ್ಟು ತುಂಡು ಮಾಡಿ ಕೂಗತೈತಿ, ಕೇಳಿ ಹೇಳವ್ವಾ."

ರಾಚವ್ವ ಪಿಸುಗುಟ್ಟಿದಳು. ಅವರಿಗೆ ಕೇಳಿಸಲಿಲ್ಲ. ಇಷ್ಟು ಹತ್ತಿರದಲ್ಲಿ ಗಟ್ಟಿಯಾಗಿ ಹೇಳಿದರೆ ಹಕ್ಕಿ ಹಾರೀತು. ಅವರು ಎಡಗೈ ಚಾಚಿದರು. "ಬೆರಳಿಂದ ಬಡದು ತೋರ್ಸು."

ಅವಳು ಕೆಸರು ಮೆತ್ತಿದ ಅಂಗೈ ತೋರಿಸಿದಳು. "ಕೈ ರಾಡಿ ಆಗೇತ್ರಿ."

"ಆಗ್ಲಿ, ಬಾ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಲೆನ್ಸಿನಲ್ಲಿ ಹಕ್ಕಿ ಕೊಕ್ಕು ತೆರೆಯಿತು. ಅದೇ ಗಳಿಗೆಗೆ ಅವರ ಮಣಿಕಟ್ಟಿನ ಮೇಲೆ ತೇವದ ಬೆರಳು ಬಿತ್ತು. ಒಂದು, ಎರಡು, ಮೂರು.

ಚನ್ನಬಸಯ್ಯನವರು ಬಟನ್ ಒತ್ತಿದರು. ಫೋಟೋ ಸಿಕ್ಕಿತು, ಹೆಸರೂ ಸಿಕ್ಕಿತು. "ನಿನ್ನ ಉಪಕಾರ ಹೆಂಗ ತೀರ್ಸಲವ್ವಾ," ಎಂದರು.

"ನಾ ದಿನಾ ನೀರ ಬಿಡಾಕ ಬರ್ತೇನಲ್ರಿ. ನಾಳೆನೂ ಬರ್ರಿ," ಎಂದಳು ರಾಚವ್ವ.

ಹಕ್ಕಿ ಮತ್ತೆ ಕೂಗಿರಬೇಕು, ಅವಳ ಮುಖ ಮೇಲಕ್ಕೆ ತಿರುಗಿತು. ಈ ಬಾರಿ ಅವರು ಲೆನ್ಸಿಗೆ ಕಣ್ಣು ಹಚ್ಚಲಿಲ್ಲ. ಕಣ್ಣು ಮುಚ್ಚಿ, ಅವಳ ಮುಂದೆ ಕೈ ಚಾಚಿ ನಿಂತರು.