ಅಪ್ಪ ಅರ್ಧ ದಾರಿಯಲ್ಲಿ ಕೂತ ದಿನ

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಅನ್ನುವ ಮಾತನ್ನು ದಿನಕ್ಕೆ ಐವತ್ತು ಸಲವಾದರೂ ಹೇಳಿ ಹೇಳಿ ಅವಳ ದನಿಯೇ ಸವೆದಂತಿತ್ತು. ಒಂದು ಸೋಮವಾರ ಬೆಳಿಗ್ಗೆ ಅದೇ ಮಾತನ್ನು ಅಪ್ಪನಿಗೂ ಹೇಳಬೇಕಾಗಿ ಬಂತು. ಎರಡು ತಿಂಗಳಿಂದ ಬಿಡದ ಕೆಮ್ಮು. ಎಳೆದು ತಂದಂತೆ ಕರೆತಂದಿದ್ದಳು.

"ಎಷ್ಟು ಹೊತ್ತು ಹಿಡ್ಕೋಬೇಕು ಮಗಳೇ? ಹೊಳೆಗೆ ಬಿದ್ದಾಗ ಎರಡು ನಿಮಿಷ ಹಿಡ್ಕೊಂಡಿದ್ದೆ, ಗೊತ್ತಾ?"

"ಹೋದ ಸಲ ಒಂದೂವರೆ ಅಂದಿದ್ದೆ. ಸುಮ್ನಿರಪ್ಪಾ, ಅಲ್ಲಾಡ್ತೀಯ."

ಚಿತ್ರ ಪರದೆಯ ಮೇಲೆ ಮೂಡಿತು. ಅದನ್ನು ಓದಿ ಹೇಳುವುದು ಡಾಕ್ಟರ ಕೆಲಸ, ಅವಳದಲ್ಲ. ಆದರೆ ಹತ್ತೊಂಬತ್ತು ವರ್ಷ ಇದನ್ನೇ ನೋಡಿದ ಕಣ್ಣು. ಎಡಗಡೆಯ ಶ್ವಾಸಕೋಶದಲ್ಲಿ ಮುಷ್ಟಿ ಗಾತ್ರದ ಬಿಳುಪು. ಡಾಕ್ಟರು ಬರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಅಪ್ಪ ಹೊರಗಿನ ಬೆಂಚಿನಲ್ಲಿ ಕೂತು, ಕೈ ಮುರಿದುಕೊಂಡು ಬಂದಿದ್ದ ಯಾರಿಗೋ ತಾನು ಹಿಡಿದ ಮೀನಿನ ಉದ್ದ ತೋರಿಸುತ್ತಿದ್ದ. ಬಾಗಿಲು ತೆರೆದಾಗಲೆಲ್ಲ ಅವನ ನಗು ಒಳಗೆ ಬರುತ್ತಿತ್ತು. ಐದು ಗಂಟೆಗಳ ಕಾಲ ಆ ಸಂಗತಿ ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಇನ್ನೂ ಇಪ್ಪತ್ತಾರು ಜನರ ಎಕ್ಸ್‌ರೇ ತೆಗೆದಳು.

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ವಾರದ ಆರು ದಿನ ಕಿಟಕಿಯಿಲ್ಲದ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂರುತ್ತಿದ್ದ; ಉಗುರಿನ ಸಂದಿಯಲ್ಲಿ ಸದಾ ಎಣ್ಣೆ. ಭಾನುವಾರ ಬಂದರೆ ಮನುಷ್ಯನೇ ಬೇರೆ. ಬೆಳಕು ಹರಿಯುವ ಮೊದಲೇ ಎದ್ದು, ಗಾಳದ ಕೋಲು, ಎರೆಹುಳದ ಡಬ್ಬಿ, ಬ್ರೆಡ್ಡು ಕಟ್ಟಿಕೊಂಡು ಬೆಟ್ಟದ ಬಸ್ಸು ಹತ್ತಿಬಿಡುತ್ತಿದ್ದ. ಯಾವ ಮರದಲ್ಲಿ ಯಾವ ಹಕ್ಕಿ ಸಂಸಾರ ಹೂಡಿದೆ, ಯಾವ ತಿರುವಿನಲ್ಲಿ ಕಾಲು ಜಾರುತ್ತದೆ, ಎಲ್ಲ ಬಾಯಿಪಾಠ.

ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು. ಆ ಮೇಲೆ ಮನೆಯಲ್ಲಿ ಅವರಿಬ್ಬರೇ. ಶನಿವಾರ ಸಂಜೆ ಅಪ್ಪ ತಪ್ಪದೆ ಕೇಳುತ್ತಿದ್ದ, "ನಾಳೆ ಬರ್ತೀಯಾ? ಮೇಲಿನ ಕೆರೆ ತೋರಿಸ್ತೀನಿ. ಆಚೆ ದಡ ಕಣ್ಣಿಗೇ ಕಾಣಲ್ಲ!" ಅವಳು "ಮುಂದಿನ ವಾರ" ಅನ್ನುತ್ತಿದ್ದಳು. ಕೆಸರು, ಜಿಗಣೆ, ಗಾಳಕ್ಕೆ ಸಿಕ್ಕಿ ಒದ್ದಾಡುವ ಮೀನು, ಯಾವುದೂ ಅವಳಿಗೆ ಒಗ್ಗದು. ಜೊತೆಗೆ ಒಳಗೊಳಗೇ ಒಂದು ಮುನಿಸು: ಇರುವ ಒಂದು ರಜೆಯನ್ನೂ ಮಗಳಿಗೆ ಕೊಡದೆ ಹೋಗುತ್ತಾನಲ್ಲ ಎಂದು. ಭಾನುವಾರಗಳನ್ನು ಬಟ್ಟೆ ಒಗೆದು, ರೇಡಿಯೋ ಕೇಳಿ ಕಳೆಯುತ್ತಿದ್ದಳು. ಹಾಗೆ ಮೂವತ್ತು ವರ್ಷ ಕಳೆದುಹೋಯಿತು.

ಡಾಕ್ಟರ ಮಾತು ಕೇಳಿದ ಮೇಲೆ ಅಪ್ಪ ಅಳಲಿಲ್ಲ. ಮೆಟ್ಟಿಲಿಳಿಯುತ್ತ, "ಕಾಲಲ್ಲಿ ಕಸುವು ಇರೋವಾಗ್ಲೇ ಒಂದ್ಸಲ ಕೆರೆಗೆ ಹೋಗ್ಬರೋಣ್ವಾ?" ಅಂದ. ಈ ಸಲ ಅವಳು ಮುಂದಿನ ವಾರ ಅನ್ನಲಿಲ್ಲ.

ಬಂದ ಭಾನುವಾರ ಬೆಟ್ಟದ ದಾರಿಯಲ್ಲಿ ಚೀಲ ಅವಳ ಹೆಗಲಲ್ಲಿತ್ತು. ಅಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು, ಸುಸ್ತು ಮುಚ್ಚಿಡಲು ಯಾವುದಾದರೂ ಗಿಡದ ಹೆಸರು ಹೇಳುತ್ತಿದ್ದ. ಗಿಡಗಳು ಮುಗಿದವು, ಸುಸ್ತು ಮುಗಿಯಲಿಲ್ಲ. ಅರ್ಧ ದಾರಿಯಲ್ಲಿ ಚಪ್ಪಟೆ ಬಂಡೆಯೊಂದರ ಮೇಲೆ ಕುಸಿದು ಕೂತ.

"ನೀನು ಹೋಗಿ ನೋಡ್ಕೊಂಡು ಬಾ."

"ನಿನ್ನನ್ನ ಇಲ್ಲಿ ಬಿಟ್ಟಾ?"

"ನಾನೇನು ಎದ್ದು ಓಡಿಹೋಗ್ತೀನಾ? ಹೋಗು ಪುಟ್ಟಿ. ಎಡಗಡೆ ಹಿಡಿದು ಹೋಗು, ಬಲಗಡೆ ಜಾರುತ್ತೆ."

ಮುಕ್ಕಾಲು ಗಂಟೆ ಹತ್ತಿದಳು. ಅಂಗೈ ತರಚಿತು, ಎದೆ ಡವಗುಟ್ಟಿತು. ದಿಬ್ಬ ಏರಿ ನಿಂತು ನೋಡಿದರೆ, ಆಸ್ಪತ್ರೆಯ ಸ್ಕೂಟರ್ ನಿಲ್ಲಿಸುವ ಜಾಗದಷ್ಟು ನೀರು. ಬೂದು ಬಣ್ಣ, ಅಂಚಿಗೆ ಜೊಂಡು. ಆಚೆ ದಡದಲ್ಲಿ ಕೂತ ಹಕ್ಕಿಯ ಕೊಕ್ಕು ಕೂಡ ಕಾಣುತ್ತಿತ್ತು. ದಾರಿ ತಪ್ಪಿದೆನೇನೋ ಎಂದು ಸುತ್ತಲೂ ನೋಡಿದಳು. ಬೇರೆ ಕೆರೆ ಇರಲಿಲ್ಲ. ಒಬ್ಬರು ಕೂರುವಷ್ಟೇ ಹುಲ್ಲು ಸವೆದ ಜಾಗ ಮಾತ್ರ ಇತ್ತು. ಅಲ್ಲಿ ಸ್ವಲ್ಪ ಹೊತ್ತು ಕೂತಳು. ನೀರಿನ ಮೇಲೆ ಗಾಳಿ ಬಂತು, ಹೋಯಿತು.

ಇಳಿದು ಬರುವಾಗ, ಏನು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದಳು. ಅಪ್ಪ ಅವಳ ಮುಖ ನೋಡಿದ್ದೇ ತಡ, ಕೆಮ್ಮುತ್ತ ನಗತೊಡಗಿದ.

"ಚಿಕ್ಕದು ಅಲ್ವಾ?"

"ತುಂಬಾ ಚಿಕ್ಕದು! ಮತ್ಯಾಕೆ ಅಷ್ಟೆಲ್ಲ ಬುರುಡೆ ಬಿಡ್ತಿದ್ದೆ?"

"ಹಾಗಂದ್ರಾದ್ರೂ ಬರ್ತೀಯೇನೋ ಅಂತ," ಅಂದ ಅಪ್ಪ.

ಅವಳು ಚೀಲ ಬಿಚ್ಚಿ ಬ್ರೆಡ್ಡು ಹಂಚಿದಳು. ಅಪ್ಪ ಅರ್ಧ ತಿಂದು, ಉಳಿದದ್ದನ್ನು ಇರುವೆಗಳಿಗೆ ಪುಡಿಮಾಡಿ ಹಾಕಿದ.

ಅದಾದ ಏಳನೇ ವಾರ, ಒಂದು ಬುಧವಾರ ಮಧ್ಯಾಹ್ನ, ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅಪ್ಪ ಹೋದ. ಅವಳು ಕೆಳಗೆ ಯಾರದೋ ಮೊಣಕಾಲಿನ ಎಕ್ಸ್‌ರೇ ತೆಗೆಯುತ್ತಿದ್ದಳು. ನರ್ಸು ಬಂದು ಬಾಗಿಲಲ್ಲಿ ಸುಮ್ಮನೆ ನಿಂತಾಗಲೇ ತಿಳಿಯಿತು.

ಅಂಗಡಿ ಖಾಲಿ ಮಾಡಬೇಕಿತ್ತು. ರಿಪೇರಿಗೆ ಬಂದಿದ್ದ ಯಂತ್ರಗಳನ್ನು ಒಂದೊಂದಾಗಿ ವಾಪಸು ಕೊಟ್ಟಳು. ಕೊನೆಯದನ್ನು ಒಯ್ಯಲು ಬಂದ ದರ್ಜಿ ಹೆಂಗಸು ಅವಳನ್ನು ನೋಡಿ, "ನೀವೇನಾ ಮಗಳು? ಸೋಮವಾರ ಬಂದಾಗೆಲ್ಲ ಕೇಳ್ತಿದ್ದೆ, ನಿನ್ನೆ ಯಾರ ಜೊತೆ ಹೋಗಿದ್ರಿ ಅಂತ. 'ಒಬ್ಬನೇ ಕಣಮ್ಮ, ಮುಂದಿನ ವಾರ ಮಗಳು ಬರ್ತಾಳೆ' ಅನ್ನೋರು" ಅಂದಳು. ನಂತರ, "ಕೊನೆಗೆ ನೀವಿಬ್ರೂ ಹೋಗಿದ್ರಂತೆ. ಬಂದು ಎಷ್ಟು ಸಲ ಹೇಳಿದ್ರು!" ಎಂದು ಯಂತ್ರ ಎತ್ತಿಕೊಂಡು ಹೊರಟಳು. ಮಗಳು ಖಾಲಿ ಮೇಜು ಒರೆಸಿದಳು. ಅಂಗಡಿಯಲ್ಲಿ ಇನ್ನೂ ಎಣ್ಣೆಯ ವಾಸನೆ ಇತ್ತು.

ಆ ಭಾನುವಾರ ಅವಳು ಬೆಟ್ಟದ ಬಸ್ಸು ಹತ್ತಿದಳು. ಟಿಕೆಟ್ ಹರಿಯುತ್ತ ಕಂಡಕ್ಟರ್ ಗುರುತು ಹಿಡಿದ. "ನಿಮ್ಮ ತಂದೆಯವ್ರು ಇವತ್ತೂ ಬರ್ಲಿಲ್ವಾ?"

"ಇಲ್ಲ, ನಾನೊಬ್ಬಳೇ," ಅಂದಳು.

ಅವನು ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋದ. ಅವಳು ಪಕ್ಕದ ಸೀಟಿನಲ್ಲಿ ಚೀಲ ಇಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿದಳು.